ನಾಲ್ಕನೇ ಮಹಡಿಯಿಂದ ಗೇಟಿನ ತನಕ

ಚೆಂಡು ಮೆಟ್ಟಿಲಿನಿಂದ ಮೆಟ್ಟಿಲಿಗೆ ಪುಟಿಯುತ್ತ ಕೆಳಗೆ ಹೋಯಿತು. ನಾಲ್ಕನೇ ಮಹಡಿಯಲ್ಲಿ ನಿಂತವರೆಲ್ಲ ಅದು ಎಲ್ಲೋ ಕೆಳಗೆ ಗೋಡೆಗೆ ಬಡಿದು ನಿಲ್ಲುವವರೆಗೂ ಸದ್ದು ಕೇಳಿಸಿಕೊಂಡರು.

ಚಟ್ಟದ ಮುಂದಿನ ತುದಿ ಹಿಡಿದಿದ್ದ ತಾಯಪ್ಪನ ಮೊಣಕಾಲು ಮೊದಲನೇ ಮೆಟ್ಟಿಲಲ್ಲೇ ಕುಸಿದಿತ್ತು. ಚಟ್ಟ ವಾಲಿ, ಅದರ ಮೇಲಿದ್ದ ನರಹರಿಯ ಪಾದಗಳ ನಡುವೆ ಇಟ್ಟಿದ್ದ ಚೆಂಡು ಉರುಳಿತ್ತು. ಉಳಿದ ಮೂವರು ಹೇಗೋ ಸಾವರಿಸಿ ಚಟ್ಟವನ್ನು ಮತ್ತೆ ಬಾಗಿಲ ಮುಂದೆ ಇಳಿಸಿದರು. ನಾಲ್ವರೂ ಒಂದು ಕಾಲಕ್ಕೆ ನರಹರಿಯ ಜೊತೆ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಈಗ ಎಲ್ಲರಿಗೂ ಅರವತ್ತು ದಾಟಿದೆ.

ಶವದ ಗಾಡಿಯ ಡ್ರೈವರ್ ಇದನ್ನೆಲ್ಲ ನೋಡಿ ತೆಲುಗಿನಲ್ಲಿ ಒಂದು ದಾರಿ ಹೇಳಿದ. ಚಟ್ಟ ಲಿಫ್ಟಿಗೆ ಹಿಡಿಸದು; ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಂಚೆಯಿಂದ ಕಟ್ಟಿ, ಲಿಫ್ಟಿನಲ್ಲಿ ಇಳಿಸಿದರೆ ಎರಡು ನಿಮಿಷದ ಕೆಲಸ. ಕೊಂಡಾಪುರದ ಈ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ.

"ಬ್ಯಾಡ," ಎಂದಳು ನರಹರಿಯ ಹೆಂಡತಿ ಗೋದಾವರಿ.

ಗಂಡನ ತಮ್ಮ ಗುರುರಾಜ ಕೈಯಲ್ಲಿದ್ದ ಬೆಂಕಿಯ ಮಡಕೆಯನ್ನು ಕೆಳಗಿಟ್ಟ. ಇವರಿಗೆ ಮಕ್ಕಳಿಲ್ಲದ್ದರಿಂದ ಕರ್ಮ ಅವನದೇ.

"ವೈನಿ, ಹ್ವಾದವರಿಗೆ ಏನ್ ಗೊತ್ತಾಗತೈತ್ರಿ?"

"ನನಗ ಗೊತ್ತಾಗತೈತಲ್ಲ."

*

ಎಂಟು ತಿಂಗಳ ಹಿಂದೆ ನರಹರಿಗೆ ಲಕ್ವಾ ಹೊಡೆದಿತ್ತು. ಬಲಗಡೆ ಪೂರ್ತಿ ಹೋಗಿ, ಮಾತು ಅರ್ಧ ಉಳಿದಿತ್ತು. ಗೋದಾವರಿ ಅವನ ಮಂಚವನ್ನು ಬಾಗಿಲಿಗೆ ಎದುರಾಗಿ ಹಾಕಿಸಿದ್ದಳು. ಬಂದುಹೋಗುವವರನ್ನು ನೋಡುತ್ತಿದ್ದರೆ ಹೊತ್ತು ಹೋಗುತ್ತದೆಂದು.

ಒಂದು ದಿನ ಎದುರು ಮನೆಯ ರವಿಶಂಕರ್ ತೀರಿಕೊಂಡರು. ಅವರನ್ನು ಕುರ್ಚಿಗೆ ಕಟ್ಟಿ ಲಿಫ್ಟಿನೊಳಗೆ ತಳ್ಳಿದಾಗ ತಲೆ ಒಂದು ಕಡೆ ಜೋತುಬಿತ್ತು. ಯಾರೋ ಕೂದಲು ಹಿಡಿದು ನೆಟ್ಟಗೆ ಮಾಡಿದರು. ನರಹರಿ ಮಂಚದಿಂದಲೇ ಎಲ್ಲವನ್ನೂ ನೋಡಿದ. ಅವತ್ತು ಊಟ ಮಾಡಲಿಲ್ಲ.

ಮರುದಿನ ಗೋದಾವರಿ ಗಂಜಿ ಕುಡಿಸುವಾಗ ಅವಳ ಕೈ ಹಿಡಿದುಕೊಂಡ.

"ಗೋದಾ, ನನ್ನ ಕುಂಡ್ರಿಸಿ ಒಯ್ಯಾಕ ಬಿಡಬ್ಯಾಡ. ಮಲಗಿಸೇ ಇಳಸ್ರಿ. ವಾಲಬಾರದು."

ಅವಳು ಆಗಲಿ ಎಂದಳು. ಅಂದಿನಿಂದ ಹಾಲಿಗೆ, ಔಷಧಿಗೆ ಇಳಿಯುವಾಗಲೆಲ್ಲ ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದಳು. ಎಪ್ಪತ್ತೆರಡು ಮೆಟ್ಟಿಲು. ತಿರುವುಗಳಲ್ಲಿ ಕಂಬಿಯಿಂದ ಗೋಡೆಗೆ ಗೇಣು ಹಾಕಿ ನೋಡಿದಳು. ಇವತ್ತು ನಸುಕಿನಲ್ಲಿ ಅವನ ಉಸಿರು ನಿಂತಾಗ ಅವಳಿಗೆ ಮೊದಲು ಬಂದದ್ದು ಅಳುವಲ್ಲ. ಅವನ ನೋವು ಮುಗಿಯಿತು, ಇನ್ನು ಮೆಟ್ಟಿಲೊಂದೇ ಉಳಿಯಿತು ಎನಿಸಿತು.

*

ಚೆಂಡು ಹಿಡಿದುಕೊಂಡು ಮೇಲೆ ಬಂದವಳು ಧನಶ್ರೀ. ಅವಳ ಹಿಂದೆ ವರ್ಷಾ, ಅಮಿತಾ, ವನಜಾ. ಅಪಾರ್ಟ್‌ಮೆಂಟುಗಳ ಹಿಂದಿನ ಬಯಲಿನಲ್ಲಿ ನರಹರಿ ಆಟ ಕಲಿಸಿದ ಹುಡುಗಿಯರು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಧನಶ್ರೀ ಈ ಕಟ್ಟಡದಲ್ಲೇ ಆರು ಮನೆಗಳಿಗೆ ಅಡುಗೆ ಮಾಡುತ್ತಾಳೆ. ದೊಡ್ಡವರ ಎದುರು ಬಾಯಿ ಬಿಡುವವಳಲ್ಲ. ಚೆಂಡನ್ನು ಗೋದಾವರಿಗೆ ಕೊಟ್ಟು ನೆಲ ನೋಡುತ್ತ ನಿಂತಳು.

"ಅಮ್ಮಾ, ನಾವು ಇಳಸ್ತೀವ್ರಿ."

ಗುರುರಾಜ ಅವಳನ್ನು ಮೇಲಿಂದ ಕೆಳಗೆ ನೋಡಿದ. ಹೆಣ್ಣುಮಕ್ಕಳು ಹೆಗಲು ಕೊಡುವ ಪದ್ಧತಿ ತಮ್ಮಲ್ಲಿಲ್ಲ, ನಾಳೆ ಮಂದಿ ಏನೆಂದಾರು ಎಂದ.

"ಮಂದಿ ಬಂದು ಹೊರ್ತಾರೇನ್ ಗುರುರಾಜ?" ಎಂದ ತಾಯಪ್ಪ, ಗೋಡೆಗೊರಗಿ ಮೊಣಕಾಲು ತಿಕ್ಕುತ್ತ. "ನಾವ್ ನಾಲ್ಕು ಮಂದಿ ಕೂಡಿದ್ರ ಎರಡು ನೆಟ್ಟನ್ನ ಮೊಣಕಾಲಿಲ್ಲ."

"ಗೇಟಿನ ತನಕ," ಎಂದಳು ಗೋದಾವರಿ. "ಮುಂದ ನೀವು ಒಯ್ರಿ."

*

ನರಹರಿ ಹದಿನಾಲ್ಕು ವರ್ಷ ಎಡಗಡೆಯ ಡಿಫೆಂಡರ್. ಗದಗದಿಂದ ಬಂದು ಆಟದ ಮೇಲೆಯೇ ಕಾರ್ಖಾನೆಯಲ್ಲಿ ನೌಕರಿ ಹಿಡಿದವನು. ಒಳ್ಳೆಯ ಆಟಗಾರನೆಂದೇ ಹೆಸರಿತ್ತು. ಆದರೆ ಮಂದಿ ನೆನಪಿಟ್ಟುಕೊಂಡದ್ದು ಒಂದು ಫೈನಲ್ ಅನ್ನು.

ಎದುರಾಳಿ ಆಟಗಾರ ನಮ್ಮ ಗೋಲಿನ ಹತ್ತಿರ ಹೊಂಚು ಹಾಕಿದಾಗ ಡಿಫೆಂಡರುಗಳು ನಾಲ್ವರೂ ಒಟ್ಟಿಗೆ ಮುಂದೆ ಸರಿಯಬೇಕು. ಆಗ ಅವನು ಎಲ್ಲರ ಹಿಂದೆ ಒಬ್ಬನೇ ಉಳಿದು ಆಫ್‌ಸೈಡ್ ಆಗುತ್ತಾನೆ, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಒಬ್ಬರು ಹಿಂದೆ ಉಳಿದರೂ ಅವನಿಗೆ ದಾರಿ ತೆರೆದಂತೆ. ಅವತ್ತು ಮೂವರು ಸರಿದರು, ನರಹರಿ ಉಳಿದ. ಕೊನೆಯ ನಿಮಿಷದಲ್ಲಿ ಗೋಲಾಯಿತು. ತಾಯಪ್ಪ ಆ ತಂಡದ ನಾಯಕ. ಅವತ್ತಿನಿಂದ ಮದುವೆ, ಮುಂಜಿ, ನಿವೃತ್ತಿಯ ಸಮಾರಂಭ ಎಲ್ಲೇ ಸಿಕ್ಕರೂ "ಏನಪಾ ಒಂದ್ ಹೆಜ್ಜಿ" ಎಂದೇ ಕರೆದ. ನರಹರಿ ನಗುತ್ತಿದ್ದ. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ಕೋಚ್ ಆದ ಮೇಲೆ ಅವನು ಗೋಲು ಹೊಡೆಯುವುದಕ್ಕಿಂತ ಹೆಚ್ಚಾಗಿ ಇದೊಂದನ್ನೇ ಕಲಿಸಿದ. ನಾಲ್ವರು ಹುಡುಗಿಯರ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿ ಬಯಲಿನಲ್ಲಿ ಹಿಂದೆ ಮುಂದೆ ನಡೆಸುತ್ತಿದ್ದ. "ಹೆಜ್ಜಿ" ಅಂದರೆ ನಾಲ್ವರೂ ಸರಿಯಬೇಕು, ಸರಿದ ಕೂಡಲೇ ರೆಫರಿಗೆ ಕಾಣುವಂತೆ ಒಂದು ಕೈ ಎತ್ತಬೇಕು. ಬಾಲ್ಕನಿಯಿಂದ ನೋಡುತ್ತಿದ್ದ ಗೋದಾವರಿಗೆ ನಗು ಬರುತ್ತಿತ್ತು. ಎತ್ತುಗಳಿಗೂ ಇಷ್ಟು ಕಷ್ಟ ಕೊಡುವುದಿಲ್ಲ ಎನ್ನುತ್ತಿದ್ದಳು.

*

ಎತ್ತರದವರಾದ ವರ್ಷಾ ಮತ್ತು ಅಮಿತಾ ಮುಂದೆ ನಿಂತು ಚಟ್ಟವನ್ನು ಹೆಗಲಿಗೇರಿಸಿದರು. ಧನಶ್ರೀ ಮತ್ತು ವನಜಾ ಹಿಂದಿನ ತುದಿಯನ್ನು ಮೊಣಕಾಲಿನ ಮಟ್ಟಕ್ಕೆ ತಗ್ಗಿಸಿ ಹಿಡಿದರು. ಗೋದಾವರಿ ಚೆಂಡನ್ನು ಮತ್ತೆ ಪಾದಗಳ ನಡುವೆ ಇಟ್ಟಳು.

"ಹೆಜ್ಜಿ," ಎಂದಳು ಧನಶ್ರೀ.

ಎಂಟು ಕಾಲುಗಳು ಒಂದು ಮೆಟ್ಟಿಲು ಇಳಿದವು.

"ಹೆಜ್ಜಿ."

ಗೋದಾವರಿ ಕಂಬಿ ಹಿಡಿದು ಹಿಂದೆಯೇ ಇಳಿದಳು. ಅವಳ ಕಣ್ಣು ಚೆಂಡಿನ ಮೇಲಿತ್ತು. ತಿರುವಿನಲ್ಲಿ ಚಟ್ಟವನ್ನು ಕಂಬಿಯ ಮೇಲೆತ್ತಿ, ಉಸಿರು ಬಿಗಿಹಿಡಿದು, ಗೇಣುಗೇಣಾಗಿ ತಿರುಗಿಸಿದರು. ವನಜಾಳ ಗದ್ದದಿಂದ ಬೆವರು ಇಳಿಯಿತು. ಮೂರನೇ ಮಹಡಿ, ಎರಡನೇ ಮಹಡಿ. ತಾಯಪ್ಪ ಒಂದೊಂದೇ ಮೆಟ್ಟಿಲು ಕೂತು ಕೂತು ಬರುತ್ತಿದ್ದ. ಮೇಲಿನಿಂದ ಅವನ ದನಿ ಕೇಳಿಸಿತು.

"ನರಹರಿ, ಈ ಸಲ ನಾನ್ ಹಿಂದ ಉಳದೆ, ನೋಡಪಾ."

ಕೊನೆಯ ಮೆಟ್ಟಿಲು ಇಳಿದಾಗ ಚೆಂಡು ಇಟ್ಟಲ್ಲೇ ಇತ್ತು. ಗೋದಾವರಿ ಕಂಬಿ ಬಿಟ್ಟಳು. ಎಂಟು ತಿಂಗಳಿಂದ ಎದೆಯಲ್ಲಿ ಹಿಡಿದಿಟ್ಟ ಗಾಳಿಯೆಲ್ಲ ಒಮ್ಮೆಲೇ ಹೊರಬಂತು. ಆಗ ಅವಳಿಗೆ ಅಳು ಬಂತು. ತಡೆಯಲಿಲ್ಲ.

ಹಿಂದಿನ ಹುಡುಗಿಯರೂ ಚಟ್ಟವನ್ನು ಹೆಗಲಿಗೇರಿಸಿದರು. ಗೇಟಿನಲ್ಲಿ ಗುರುರಾಜ ನಿಂತ. ಸಾಲಾಗಿ ನಿಲ್ಲಿಸಿದ ಕಾರುಗಳಿಂದಾಗಿ ಶವದ ಗಾಡಿ ರಸ್ತೆಯ ಆಚೆ ಬದಿಯಲ್ಲೇ ಉಳಿದಿತ್ತು. ಅವನು ತಿರುಗಿ, ಆಗಷ್ಟೇ ಇಳಿದು ಬಂದ ತಾಯಪ್ಪನ ಮೊಣಕಾಲು ನೋಡಿದ, ಹುಡುಗಿಯರನ್ನು ನೋಡಿದ. ಮಡಕೆ ಹಿಡಿದು ಅವರ ಮುಂದೆ ರಸ್ತೆಗಿಳಿದ.

ರಸ್ತೆಯ ಮಧ್ಯದಲ್ಲಿದ್ದಾಗ ಒಂದು ಕ್ಯಾಬ್ ಹಾರ್ನ್ ಹೊಡೆಯುತ್ತ ನುಗ್ಗಿ ಬಂತು.

"ಹೆಜ್ಜಿ," ಎಂದಳು ಧನಶ್ರೀ.

ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟರು. ಖಾಲಿ ಇದ್ದ ನಾಲ್ಕು ಕೈಗಳು ಒಟ್ಟಿಗೆ ಮೇಲೆ ಹೋದವು. ಕ್ಯಾಬ್ ನಿಂತಿತು.