ದಕ್ಷಿಣಕ್ಕೆ ಇಂದ್ರಮ್ಮನವರ ಮನೆ

ಸರಸ್ವತಿಪುರಂನ ಈ ಮನೆಯನ್ನು ಅಪ್ಪಾಜಿ ನನ್ನ ಹೆಸರಿಗೆ ಬರೆದಿಟ್ಟು ತೀರಿಕೊಂಡರು. ಅವರಿದ್ದಷ್ಟು ಕಾಲ ದಿನಾ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕೂತು ಪದ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಕಾಂಪೌಂಡ್ ಗೋಡೆಯಾಚೆ ಪಕ್ಕದ ಮನೆಯ ಇಂದ್ರಮ್ಮನವರು ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಓದು ಮುಗಿದ ಮೇಲೆ ಅಲ್ಲಿಂದಲೇ ಕೈಮುಗಿದು, "ಶರಣು ಸ್ವಾಮಿ" ಎಂದು ಒಳಗೆ ಹೋಗುವರು.

ನನ್ನ ಗಂಡ ಸಿದ್ದೇಶ್‌ಗೆ ಬೋಗಾದಿಯಲ್ಲಿ ಹುಡುಗರ ಪಿ.ಜಿ. ಕಟ್ಟಿಸಲು ಇಂದ್ರಮ್ಮನವರು ಸಾಲ ಕೊಟ್ಟದ್ದು ಆ ನಂಟಿನ ಮೇಲೆಯೇ. ಅವರ ಯಜಮಾನರು ನಿವೃತ್ತರಾದಾಗ ಬಂದ ಹಣ, ಪೂರಾ. "ಏಕಾಂತಯ್ಯನೋರ ಮಗಳು ರುಜು ಹಾಕಿದ್ರೆ ಸಾಕು" ಅಂದಿದ್ದರು. ಹಾಕಿದ್ದೆ. ಪಿ.ಜಿ. ಎರಡನೇ ಮಹಡಿಗೆ ನಿಂತುಹೋಯಿತು. ಎರಡು ವರ್ಷ ಕಾದು ಕಾದು, ಕೊನೆಗೆ ಅವರ ಲಾಯರ್ ನೋಟೀಸು ಬಂತು.

ನಮ್ಮ ವಕೀಲರು ಪ್ರಭುಸ್ವಾಮಿ. ನೋಟೀಸು ಓದಿ ನಕ್ಕರು.

"ಮನೇನ ನಿಮ್ಮನೆದೇವ್ರು ಮಹದೇಶ್ವರನ ಹೆಸರಿಗೆ ಟ್ರಸ್ಟು ಮಾಡಿ ಬರೆದ್ಬುಡಿ ಕಣಮ್ಮ. ದೇವರ ಮನೇನ ಯಾರು ಜಪ್ತಿ ಮಾಡ್ತಾರೆ?"

"ಯಾಕೆ ಬರೆದೆ ಅಂತ ಕೇಳಿದ್ರೆ?"

"ತಂದೇರ ಕೊನೆ ಆಸೆ ಅನ್ನಿ. ಪದ್ಯ ಓದ್ತಿದ್ದೋರು, ಯಾರಾದ್ರೂ ನಂಬ್ತಾರೆ."

"ಮಾವನೋರು ಇದ್ದಿದ್ರೆ ಅವರೇ ಹೇಳೋರು ಬುಡೇ" ಅಂದರು ಸಿದ್ದೇಶ್.

ಅಪ್ಪಾಜಿ ಕೊನೆಗೆ ಆಸೆಪಟ್ಟದ್ದು ಒಂದು ಲೋಟ ಗಂಜಿಗೆ. ಕುಡಿಸಿದವಳು ನಾನೇ. ಆದರೂ ರುಜು ಹಾಕಿದೆ.

ರಿಜಿಸ್ಟ್ರಿಯಾದ ಪತ್ರವನ್ನು ತಂದು ದೇವರ ಕೋಣೆಯಲ್ಲಿಟ್ಟ ಸಂಜೆಯೇ ಅದು ಮೊದಲು ಕೇಳಿಸಿದ್ದು. ದೀಪ ಹಚ್ಚಿ ಕಡ್ಡಿ ಆರಿಸುತ್ತಿದ್ದೆ. ಜಗಲಿಯಿಂದ ಅಪ್ಪಾಜಿಯ ಧ್ವನಿ. ಅದೇ ಎಳೆತ, ಸಾಲು ಮುಗಿಯುವಲ್ಲಿ ಅದೇ ಸಣ್ಣ ಉಸಿರು. ಓದುತ್ತಿದ್ದದ್ದು ಮಾತ್ರ ಪದ್ಯವಲ್ಲ. ಪತ್ರದ ಚಕ್ಕುಬಂದಿ, ಈ ಮನೆಯ ನಾಲ್ಕು ಗಡಿಗಳು.

ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಚಾಮಯ್ಯನವರ ನಿವೇಶನ. ಉತ್ತರಕ್ಕೆ ಓಣಿ. ದಕ್ಷಿಣಕ್ಕೆ...

ಅಲ್ಲಿಗೆ ನಿಂತಿತು. ಹೋಗಿ ನೋಡಿದೆ. ಜಗಲಿ ಖಾಲಿ. ಪತ್ರ ಬಿಚ್ಚಿದೆ. "ದಕ್ಷಿಣಕ್ಕೆ ಇಂದ್ರಮ್ಮನವರ ಮನೆ" ಎಂದು ಸ್ಪಷ್ಟವಾಗಿ ಟೈಪಾಗಿತ್ತು.

ಆಮೇಲೆ ದಿನಾ ಹಾಗೆಯೇ. ಮೂರು ದಿಕ್ಕು ಓದಿ, ನಾಲ್ಕನೆಯದಕ್ಕೆ ಬಾಯಿ ತೆರೆದು ಸುಮ್ಮನಾಗುವುದು. ದೀಪ ಹಚ್ಚಲೇ ಹೆದರಿಕೆಯಾಗತೊಡಗಿತು.

"ನಂಗೇನೂ ಕೇಳಿಸಲ್ಲಪ್ಪ" ಅಂದರು ಸಿದ್ದೇಶ್. "ಹಿಂದಿನ ಬೀದಿ ಟುಟೋರಿಯಲ್ ಹುಡುಗ್ರು ಉರು ಹೊಡೀತಿರ್ಬೇಕು."

ಮೊಕದ್ದಮೆ ನಡೆಯಿತು. ನಾಳೆ ನನ್ನ ಸಾಕ್ಷಿ ಎನ್ನುವ ಬೆಳಿಗ್ಗೆ ಹೂ ಬಿಡಿಸುತ್ತಿದ್ದೆ. ವರ್ಷದಿಂದ ಮಾತು ಬಿಟ್ಟಿದ್ದ ಇಂದ್ರಮ್ಮನವರು ಗೋಡೆಯ ಹತ್ತಿರ ಬಂದರು.

"ವಾಣಿ, ಕೋರ್ಟಿನ ವಿಷಯ ಅಲ್ಲ ಕಣಮ್ಮ. ಸಂಜೆ ನಿಮ್ಮ ಜಗಲೀಲಿ ಓದೋದು ಯಾರು?"

ಕೈಯಲ್ಲಿದ್ದ ಬುಟ್ಟಿ ಜಾರಿ ಹೂ ಗೋಡೆಯಾಚೆಗೂ ಚೆಲ್ಲಿತು. "ನಿಮಗೂ ಕೇಳಿಸುತ್ತಾ?"

"ಕಿವುಡಿ ಅಂತ ಸೊಸೆ ಆಡ್ಕೋತಾಳೆ. ಆ ಧ್ವನಿ ಕೇಳಿಸದೆ ಇರುತ್ತಾ?" ಗೋಡೆಯ ಮೇಲೆ ಕೈಯಿಟ್ಟರು. "ಮೂರು ದಿಕ್ಕು ಹೇಳ್ತಾರೆ. ನನ್ನ ಕಡೆಗೆ ಬಂದಾಗ ನಿಲ್ಲಿಸ್ಬುಡ್ತಾರೆ. ನಾನೇನು ತಪ್ಪು ಮಾಡ್ದೆ ಅವ್ರಿಗೆ?"

ಅವರು ಬಗ್ಗಿ, ತಮ್ಮ ಕಡೆ ಬಿದ್ದಿದ್ದ ಹೂಗಳನ್ನು ಆರಿಸಿ ನನ್ನ ಕೈಗೆ ಕೊಟ್ಟು ಹೋದರು.

ಮಾರನೆಯ ದಿನ ಕಟಕಟೆಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿಸಿದರು. ಇಂದ್ರಮ್ಮನವರ ಲಾಯರು ಪತ್ರ ಹಿಡಿದು, "ಇದೇ ಮನೆಯೇನಮ್ಮ?" ಎಂದು ಗಡಿಗಳನ್ನು ಓದತೊಡಗಿದರು. ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ. ಹಾಳೆ ಮುಗಿಯಿತು. ಮಗುಚಲು ಅವರು ಬೆರಳು ಒದ್ದೆ ಮಾಡಿಕೊಂಡರು.

"ದಕ್ಷಿಣಕ್ಕೆ ಇಂದ್ರಮ್ಮನವರ ಮನೆ" ಎಂದೆ. ಅಪ್ಪಾಜಿಯ ಧಾಟಿಯಲ್ಲೇ ಬಂದುಬಿಟ್ಟಿತು. ಯಾರೋ ಕಿಸಕ್ಕೆಂದರು.

"ದೇವರಿಗೆ ಬರೀಬೇಕು ಅನ್ನೋದು ತಂದೆಯವರ ಆಸೆಯೇ?"

ಪ್ರಭುಸ್ವಾಮಿ ಕಣ್ಣಲ್ಲೇ ಹೌದೆನ್ನಿ ಎಂದರು.

"ಅಲ್ಲ. ಅವರು ಹಾಗೆ ಹೇಳೇ ಇಲ್ಲ. ಇಂದ್ರಮ್ಮನೋರಿಗೆ ಮನೆ ಸಿಗಬಾರದು ಅಂತ ನಾವೇ ಬರೆಸಿದ್ದು."

ಹೊರಗೆ ಬಂದಾಗ ಪ್ರಭುಸ್ವಾಮಿ ಕೋಟು ಬಿಚ್ಚುತ್ತಾ, "ಪತ್ರ ನಿಲ್ಲಲ್ಲ. ಮನೆ ಹೋಯ್ತು ಅಂದ್ಕೊಳ್ಳಿ" ಎಂದರು. ಮನೆ ತಲುಪಿದಾಗ ಸಿದ್ದೇಶ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಇನ್ನೆಷ್ಟು ದಿನ ಹಚ್ತೀಯೋ ಹಚ್ಚು ದೀಪಾನ" ಅಂದರು.

ಹಚ್ಚಿದೆ. ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತೆ. ಧ್ವನಿ ಬಂತು. ಪೂರ್ವಕ್ಕೆ. ಪಶ್ಚಿಮಕ್ಕೆ. ಉತ್ತರಕ್ಕೆ. ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ದಕ್ಷಿಣಕ್ಕೆ ಇಂದ್ರಮ್ಮನವರ ಮನೆ. ಸಾಲು ಮುಗಿದು ಆ ಸಣ್ಣ ಉಸಿರೂ ಕೇಳಿಸಿತು.

ಗೋಡೆಯಾಚೆ ಕುರ್ಚಿ ಸರಿದ ಸದ್ದು. "ಶರಣು ಸ್ವಾಮಿ" ಅಂದರು ಇಂದ್ರಮ್ಮನವರು.

"ಅವಮ್ಮ ಯಾರಿಗೇ ಶರಣು ಅಂದಿದ್ದು?" ಒಳಗಿನಿಂದ ಸಿದ್ದೇಶ್ ಕೂಗಿದರು.