ಅಡ್ಡ ಬರದ ಎಮ್ಮೆ

ಬಿಸಿಲಿಗೆ ಹರವಿದ ಮೆಣಸಿನಕಾಯಿಯ ಘಾಟು ಮೈಲವ್ವನಿಗೆ ತವರಿನ ವಾಸನೆ. ಬ್ಯಾಡಗಿಯ ಅಂಗಳದಲ್ಲಿ ಸೀನುತ್ತಲೇ ಬೆಳೆದವಳು ಅವಳು. ಇವತ್ತು ಅದೇ ಘಾಟು ಸೀರೆಗೆ ಮೆತ್ತಿಕೊಂಡು ಮೈ ಉರಿಸುತ್ತಿತ್ತು. ಬೆಳಿಗ್ಗೆ ಅಗಡಿಯಿಂದ ಬ್ಯಾಡಗಿಗೆ ಹೊರಟ ಟೆಂಪೊ ತಗ್ಗಿಗೆ ಉರುಳಿ, ಮೆಣಸಿನಕಾಯಿ ಚೀಲಗಳು ಒಡೆದು, ಮೊಮ್ಮಗಳು ಮೇಘಾಳ ಬಲಗೈ ಮುರಿದಿತ್ತು. ಮುಂದಿನ ತಿಂಗಳು ಹುಡುಗಿಯ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳನ್ನು ಹಾವೇರಿಯ ದವಾಖಾನೆಯಲ್ಲಿ ಬಿಟ್ಟು ಮೈಲವ್ವ ಠಾಣೆಗೆ ಬಂದಿದ್ದಳು.

ಹವಾಲ್ದಾರ ಬರೆದದ್ದನ್ನು ಓದಿದ: “ಎಮ್ಮೆ ಅಡ್ಡ ಬಂದಿದ್ದರಿಂದ...”

“ಯಾವ ಎಮ್ಮಿರಿ? ಯಾರ ಮನೀದು?”

“ಗಾಡ್ಯಾಗಿದ್ದ ಎಲ್ಲಾರೂ ಹಂಗ ಹೇಳ್ಯಾರ ಯವ್ವಾ.”

“ನಾಳೆ ಅದ ಗಾಡಿ ಹತ್ತಬೇಕಲ್ಲ, ಹೇಳತಾರ. ನಾ ಡ್ರೈವರನ ಬಾಜೂಕ ಕುಂತಿದ್ದೆ. ಎಮ್ಮಿ ಅವನ ಕೈಯಾಗ ಇತ್ತು. ರಿಂಗ್ ಆಗತಿತ್ತು!”

ಹಣೆಗೆ ಪಟ್ಟಿ ಕಟ್ಟಿಕೊಂಡ ಡ್ರೈವರ್ ಶಶಿಕಾಂತ ಬೆಂಚಿನ ಮೇಲೆ ತಲೆ ತಗ್ಗಿಸಿದ. ಅವನ ಜೊತೆ ಬಂದಿದ್ದ ಊರ ಹಿರಿಯ ಅಂದಾನೆಪ್ಪ ಮೆಲ್ಲಗೆ ಅಂದ, “ಬಿಡಬೇ ಯಕ್ಕಾ, ನಮ್ಮೂರ ಹುಡುಗ. ಲೈಸೆನ್ಸ್ ಹೋದ್ರ ಹೊಟ್ಟಿಗೇನು ತಿಂತಾನ? ಮಾತಾಡಿಲ್ಲ ಅವ, ಬರೇ ಮಿಸ್ ಕಾಲ್.”

“ಯಾರದಂತ ನೋಡೀನಿ, ಅಷ್ಟ,” ಅಂದ ಶಶಿಕಾಂತ.

“ನೋಡಿದ್ಯಲ್ಲ! ರಸ್ತಾ ಯಾರು ನೋಡಬೇಕಿತ್ತು? ನಾನೇನು?” ಮೈಲವ್ವ ಗೋಡೆಯ ಚಿತ್ರದತ್ತ ಕೈ ತೋರಿಸಿದಳು. ಸ್ಟೇರಿಂಗು, ಮೊಬೈಲು, ಮೇಲೊಂದು ಕೆಂಪು ಗೀಟು. “ಓದಾಕ ಬರದ ನನಗ ತಿಳೀತೈತಿ. ಕಾಯ್ದೆ ಮಾಡಿ ಗ್ವಾಡಿಗೆ ಹಚ್ಚೀರಿ, ಕಾಗದದಾಗ ಎಮ್ಮಿ ಬರೀತೀರಿ!”

ಬಾಗಿಲಲ್ಲಿ ಶಶಿಕಾಂತನ ಹೆಂಡತಿ ಸುರೇಖಾ ನಿಂತಿದ್ದಳು. “ರಿಂಗ್ ಕೊಟ್ಟಾಕಿ ನಾನರಿ,” ಅಂದಳು. “ಒಂದು ರಿಂಗ್ ಅಂದ್ರ ಊಟಕ್ಕ ಮನಿಗೆ ಬಾ, ಎರಡಂದ್ರ ಬುತ್ತಿ ಬಸ್ಸಿಗೆ ಕೊಡತೇನಿ ಅಂತ. ಎರಡು ಕೊಟ್ಟಿದ್ದೆ. ಎಮ್ಮಿ ಸುಳ್ಳು.”

“ಏ, ಸುಮ್ನಿರ!” ಶಶಿಕಾಂತ ಗದರಿದ.

“ಸುಮ್ನಿದ್ರ ನಾಳೆ ಮತ್ತ ಫೋನ್ ನೋಡತಿ.”

ಹವಾಲ್ದಾರ ಎಮ್ಮೆಯನ್ನು ಹೊಡೆದುಹಾಕಿ ಮೊಬೈಲ್ ಎಂದು ಬರೆದ. ಮೈಲವ್ವ ಹೆಬ್ಬೆಟ್ಟನ್ನು ಕಾಗದ ಹರಿಯುವಷ್ಟು ಒತ್ತಿದಳು. ಈ ಹೆಬ್ಬೆಟ್ಟು ತನ್ನೊಂದಿಗೇ ಮುಗಿಯಲಿ ಎಂದಲ್ಲವೇ ಮೇಘಾಳನ್ನು ಓದಿಸಿದ್ದು? ಸಿಟ್ಟು ಇಳಿಯಲಿಲ್ಲ. ಯಾರಿಗೂ ಹೇಳದೆ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಬೆಳಗಿನಿಂದ ಹೊಟ್ಟೆಗೆ ಒಂದು ತುತ್ತೂ ಇರಲಿಲ್ಲ.

ಸುರೇಖಾ ಹಿಂದೆಯೇ ಬಂದಳು. ಬಸ್ಸಿಗೆ ಹೋಗದೆ ಉಳಿದಿದ್ದ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿ ಪಲ್ಯವನ್ನು ಮೈಲವ್ವನ ಕೈಗಿಟ್ಟಳು.