ಬಾನೆಟ್ಟಿನ ಒಳಗಿನ ಚೀಟಿ

ಹನ್ನೊಂದನೆಯ ಫ್ಯೂಸನ್ನೂ ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು ಅವಳು ಮೀಟರಿನ ಮೇಲೆ ಬಗ್ಗಿದಳು. ಅಂಕಿ ಮಿಸುಕಿರಲಿಲ್ಲ. ಒಂದು ಪಾಯಿಂಟ್ ಎಂಟು. ಎಂಜಿನ್ ಆಫ್, ದೀಪ ಆಫ್, ಬಾಗಿಲು ಮುಚ್ಚಿದೆ, ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಆದರೂ ಯಾರೋ ಬ್ಯಾಟರಿಯಿಂದ ಹೆಚ್ಚುಕಮ್ಮಿ ಎರಡು ಆಂಪಿಯರ್ ಕರೆಂಟನ್ನು ಸದ್ದಿಲ್ಲದೆ ಹೀರುತ್ತಿದ್ದಾರೆ.

"ಇದು ಹಾರ್ನಿನ ಫ್ಯೂಸು," ಎಂದು ಅವಳು ಆ ಕೆಂಪು ಗಾಡಿಗೇ ಹೇಳಿದಳು. "ನೋಡ್ಕೋ, ಕಿತ್ತಿದ್ದೀನಿ. ಏನಾದ್ರೂ ಕಮ್ಮಿ ಆಯ್ತಾ?"

ಆ ಫ್ಯೂಸನ್ನು ಉಳಿದ ಹತ್ತರ ಪಕ್ಕಕ್ಕಿಟ್ಟಳು.

ಎರಡು ವಾರದ ಹಿಂದೆ ಆ ಹಾರ್ನನ್ನು ಕೂರಿಸಿದವಳು ಅವಳೇ. ನಿನ್ನೆ ಸಂಜೆ ಗ್ಯಾರೇಜಿನ ಯಜಮಾನನೂ ಹೆಡ್ ಮೇಸ್ತ್ರಿಯೂ ಆದ ಅವಳ ಚಿಕ್ಕಪ್ಪ, ಗಾಡಿಯ ಒಡತಿಯ ಎದುರಿಗೇ ಅವಳ ತಲೆಯ ಮೇಲೆ ಗೂಬೆ ಕೂರಿಸಿದ್ದ. "ನಮ್ಮ ಅಣ್ಣನ ಮಗಳ ಕೈಚಳಕ, ನರ್ಸಮ್ಮ. ಎಲ್ಲೋ ವೈರ್ ತಾಗಿಸಿದ್ದಾಳೆ. ಬ್ಯಾಟರಿ ಅಲ್ಲೇ ಸೋರ್ತಿದೆ. ಪೂರಾ ವೈರಿಂಗ್ ಬಿಚ್ಚಿ ಹೊಸದಾಗಿ ಎಳೀಬೇಕು."

ನರ್ಸಮ್ಮ ಹಾಸಿಗೆ ಹಿಡಿದವರ ಮನೆಮನೆಗೂ ಹೋಗಿ ಗಾಯ ತೊಳೆದು ಇಂಜೆಕ್ಷನ್ ಕೊಟ್ಟು ಬರುವ ಹೆಂಗಸು. ಒಂದೇ ವಾರದಲ್ಲಿ ಮೂರು ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದೆ, ಔಷಧದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಹೋಗಿದ್ದಳು. ಬೈದಿದ್ದರೆ ಹೇಗೋ ಸಹಿಸಬಹುದಿತ್ತು. ಅವಳು ಬೈಯಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂದುಬಿಡಬೇಕಿತ್ತು ಮಗಳೇ," ಎಂದಳು ಅಷ್ಟೆ. ಅವಳು ಅತ್ತ ಹೋದ ಮೇಲೆ ಚಿಕ್ಕಪ್ಪ ಮೀಟರನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಎಲೆಕ್ಟ್ರಿಕ್ ಕೆಲ್ಸ ಸಾಕು. ಇನ್ಮೇಲೆ ಗಾಡಿ ತೊಳಿ."

ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಏಳಕ್ಕೇ ಬಂದು, ಎದುರು ಸಾಲಿನ ರೇಡಿಯೊ ರಿಪೇರಿಯವನನ್ನು ಎಬ್ಬಿಸಿ ಅವನ ಮೀಟರ್ ಕೇಳಿ ತಂದಿದ್ದಳು. ನರ್ಸಮ್ಮ ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ತನ್ನ ಕೈ ತಪ್ಪು ಮಾಡಿಲ್ಲ ಎಂದು ತೋರಿಸದಿದ್ದರೆ ಬಕೀಟು, ಬಟ್ಟೆಯೇ ಗತಿ.

ಎಲ್ಲ ಫ್ಯೂಸೂ ಹೊರಗಿವೆ. ಫ್ಯೂಸಿನ ಡಬ್ಬಿಯನ್ನು ಮುಟ್ಟದೆ ಹೋಗುವ ದಾರಿ ಒಂದೇ, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವ ಆಲ್ಟರ್ನೇಟರಿಗೆ ಬ್ಯಾಟರಿಯಿಂದ ನೇರ ಹೋಗುವ ದಪ್ಪ ವೈರು. ಅವಳು ತೋಳು ಇಳಿಬಿಟ್ಟು ಆಲ್ಟರ್ನೇಟರಿನ ಮೇಲೆ ಅಂಗೈ ಇಟ್ಟಳು. ನಿನ್ನೆ ಸಂಜೆ ಬ್ಯಾಟರಿಯನ್ನು ಚಾರ್ಜ್ ಮಾಡಿ ಕೂರಿಸಿದ ಮೇಲೆ ಈ ಎಂಜಿನ್ ಒಂದು ಸುತ್ತೂ ತಿರುಗಿಲ್ಲ. ಸುತ್ತಲಿನ ಕಬ್ಬಿಣವೆಲ್ಲ ತಣ್ಣಗಿತ್ತು. ಅದೊಂದು ಮಾತ್ರ, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ, ಬೆಚ್ಚಗಿತ್ತು.

ಅವಳು ಅವಸರ ಮಾಡಲಿಲ್ಲ. ಮೊದಲು ಮೀಟರಿನ ವೈರು ತೆಗೆದಳು. ಆಮೇಲೆ ದಪ್ಪ ವೈರಿನ ನಟ್ಟು ಬಿಚ್ಚಿ, ತುದಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ ಪಕ್ಕಕ್ಕೆ ಸರಿಸಿದಳು. ಮತ್ತೆ ಮೀಟರ್ ಸೇರಿಸಿದಳು.

ಸೊನ್ನೆ.

ಹಾರ್ನೂ ಅಲ್ಲ, ವೈರಿಂಗೂ ಅಲ್ಲ. ಕರೆಂಟು ಹೊರಗೆ ಹೋಗಲಿ, ವಾಪಸು ಒಳಗೆ ನುಗ್ಗದಿರಲಿ ಎಂದು ಆಲ್ಟರ್ನೇಟರಿನ ಹೊಟ್ಟೆಯಲ್ಲಿ ಬಾಗಿಲು ಕಾಯುವ ಡಯೋಡುಗಳಿರುತ್ತವಲ್ಲ, ಅವುಗಳಲ್ಲಿ ಒಂದು ಸತ್ತಿದೆ. ಸರಿ. ಕೊಂದವರು ಯಾರು?

ಅವಳು ಬಾನೆಟ್ಟಿನ ಒಳಮೈ ನೋಡಿದಳು. ತಾನು ಮುಟ್ಟಿದ ಪ್ರತಿ ಗಾಡಿಗೂ ಅಲ್ಲೊಂದು ಬಿಳಿ ಟೇಪಿನ ಚೀಟಿ ಅಂಟಿಸಿ, ತಾರೀಖಿನ ಜೊತೆ ವೋಲ್ಟಿನ ಮೂರು ಅಂಕಿ ಬರೆದಿಡುವುದು ಅವಳ ರೂಢಿ. ಚಿಕ್ಕಪ್ಪ ಅದನ್ನು ಜಾತಕ ಎಂದು ಆಡಿಕೊಳ್ಳುತ್ತಿದ್ದ. ಈ ಗಾಡಿಯ ಜಾತಕ ಹಾರ್ನ್ ಕೂರಿಸಿದ ದಿನದ್ದು: ನಿಂತಾಗ 12.6, ಓಡುವಾಗ 14.2, ಏರಿಳಿತ 0.03. ಫ್ಯೂಸುಗಳನ್ನೂ ವೈರನ್ನೂ ಅದರದರ ಜಾಗಕ್ಕೆ ಸೇರಿಸಿ, ಬ್ಯಾಟರಿ ಕೂಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಅಳೆದಳು. ಓಡುವಾಗ 13.3. ಏರಿಳಿತ 0.9. ಒಂದು ಡಯೋಡು ಹೋದರೆ ಕರೆಂಟು ಹೀಗೇ ಕುಂಟುತ್ತದೆ.

ಹಾರ್ನ್ ಕೂರಿಸಿದ ದಿನ ನೆಟ್ಟಗಿದ್ದದ್ದು ಆಮೇಲೆ ಕೆಟ್ಟಿದೆ. ಅಂದಿನಿಂದ ಗಾಡಿ ಸ್ಟಾರ್ಟ್ ಆಗದೆ ನಿಲ್ಲುವವರೆಗೆ ಈ ಬಾನೆಟ್ಟು ಒಂದೇ ಸಲ ತೆರೆದಿತ್ತು. ಆ ದಿನ ನೆನಪಾದದ್ದೇ ಅವಳಿಗೆ ಪಿತ್ತ ನೆತ್ತಿಗೇರಿತು.

ಹತ್ತು ದಿನದ ಹಿಂದೆ ನರ್ಸಮ್ಮ, ಸ್ಟಾರ್ಟ್ ಆಗೋದು ಯಾಕೋ ನಿಧಾನ ಎಂದು ಬಂದಿದ್ದಳು. ಚಿಕ್ಕಪ್ಪ ತನ್ನ ಹೆಸರಾಂತ ಪರೀಕ್ಷೆ ಮಾಡಿ ತೋರಿಸಿದ್ದ. ಎಂಜಿನ್ ಓಡುತ್ತಿರುವಾಗಲೇ ಆಕ್ಸಿಲರೇಟರ್ ಒತ್ತಿಸಿ, ಬ್ಯಾಟರಿಯ ಟರ್ಮಿನಲ್ಲನ್ನು ಸ್ಪ್ಯಾನರಿನಿಂದ ಎಬ್ಬಿಸಿ ಕಿತ್ತು, ಮೇಲಕ್ಕೆತ್ತಿ ಹಿಡಿದಿದ್ದ. "ನೋಡಿ! ಬ್ಯಾಟರಿ ಇಲ್ದೇನೂ ಓಡ್ತಿದೆ. ಆಲ್ಟರ್ನೇಟರ್ ಗಟ್ಟಿ!" ಹೆಡ್‌ಲೈಟು ಒಂದು ಗಳಿಗೆ ಕಣ್ಣು ಕುಕ್ಕುವ ಹಾಗೆ ಬೆಳ್ಳಗೆ ಉರಿದದ್ದನ್ನು ಅವಳು ನೋಡಿದ್ದಳು. ಉಕ್ಕುವ ಕರೆಂಟನ್ನು ನುಂಗಿಕೊಳ್ಳಲು ಬ್ಯಾಟರಿಯಿಲ್ಲದೆ ಅದಷ್ಟೂ ಡಯೋಡಿನ ಮೇಲೆ ಮುಗಿಬಿದ್ದಿತ್ತು. ಗಟ್ಟಿ ಎಂದು ತೋರಿಸಲು ಹೋಗಿ ಕೊಂದಿದ್ದ. ಅಸಲಿಗೆ ಆ ದಿನ ಕೆಟ್ಟಿದ್ದಾದರೂ ಏನು? ಟರ್ಮಿನಲ್ಲಿಗೆ ಕಟ್ಟಿದ್ದ ಉಪ್ಪಿನಂಥ ಬಿಳಿ ಹೊಟ್ಟು. ಅದು ಎಳೆದಾಟದಲ್ಲಿ ತಾನಾಗಿಯೇ ಉದುರಿಹೋಗಿತ್ತು.

"ಯಾರ ಅಪ್ಪಣೆ ತಗೊಂಡು ಬಾನೆಟ್ ತೆಗೆದೆ?"

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಊಟದ ಡಬ್ಬಿ. ಅವಳು ಎಂಜಿನ್ ಆರಿಸಿದಳು.

"ಬನ್ನಿ, ಇದನ್ನ ನೋಡಿ. ಆಮೇಲೆ ಬೈಯೋರಂತೆ."

"ನೋಡೋಕೇನಿದೆ? ನೀನು ಹುಟ್ಟೋಕ್ ಮುಂಚಿನಿಂದ ನಾನು ಗಾಡಿ ನೋಡ್ತಿದ್ದೀನಿ."

"ಅದಕ್ಕೇ ಹೇಳ್ತಿರೋದು. ಆಗಿನ ಗಾಡೀಲಿ ಡೈನಮೊ ಇತ್ತು, ನಿಮ್ಮ ಆಟ ತಡ್ಕೊಳ್ತಿತ್ತು. ಇದು ತಡ್ಕೊಳ್ಳಲ್ಲ."

ಅವಳು ಒಂದೊಂದನ್ನೂ ಮತ್ತೆ ಮಾಡಿ ತೋರಿಸಿದಳು. ಫ್ಯೂಸು ಕಿತ್ತಳು, ಒಂದು ಪಾಯಿಂಟ್ ಎಂಟು. ದಪ್ಪ ವೈರು ಬಿಚ್ಚಿದಳು, ಸೊನ್ನೆ. ಕೊನೆಗೆ ಚೀಟಿಯ ಮೇಲೆ ಬೆರಳಿಟ್ಟಳು. ಚಿಕ್ಕಪ್ಪನ ಮುಖದ ಗತ್ತು ಮೆಲ್ಲಗೆ ಇಳಿಯಿತು. ಗಾಡಿಯ ವಿಷಯದಲ್ಲಿ ಅವನು ದಡ್ಡನಲ್ಲ; ಅವಳಿಗೆ ಸಿಟ್ಟು ಬಂದದ್ದೂ ಅದಕ್ಕೇ. ಅವನಿಗೆ ಅರ್ಥವಾಗಿತ್ತು.

"ಹೋದ ತಿಂಗಳು ಶಾಲೆ ವ್ಯಾನು?" ಎಂದು ಕೇಳಿದಳು. "ಅದಕ್ಕೂ ಟರ್ಮಿನಲ್ ಕಿತ್ರಿ. ವಾರದಲ್ಲಿ ಆಲ್ಟರ್ನೇಟರ್ ಸತ್ತಿದೆ ಅಂದ್ರಿ. ಆ ಬೇಕರಿಯವರ ಗಾಡೀದೂ ಬ್ಯಾಟರಿ ಇಳೀತಲ್ಲ? ಪಾಪ, ಡ್ರೈವರಿಗೆ ಲೈಟ್ ಆರಿಸೋಕೆ ಬರಲ್ಲ ಅಂತ ಎಷ್ಟು ಬೈದ್ರಿ ನೀವು!"

"ಮೆಲ್ಲಗೆ ಮಾತಾಡೇ."

"ನನ್ನನ್ನ ಬೈದಾಗ ಮೆಲ್ಲಗೆ ಬೈದ್ರಾ?"

ಹೊರಗೆ ರಸ್ತೆಯ ತಿರುವಿನಲ್ಲಿ ನರ್ಸಮ್ಮನ ನೀಲಿ ಸೀರೆ ಕಾಣಿಸಿತು. ಇವತ್ತೂ ಪೆಟ್ಟಿಗೆ ಹೆಗಲ ಮೇಲೇ ಇತ್ತು. ಚಿಕ್ಕಪ್ಪ ಅತ್ತ ನೋಡಿದ, ಇತ್ತ ನೋಡಿದ. ಊಟದ ಡಬ್ಬಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಅವನ ದನಿ ಮನೆಯ ದನಿಯಾಯಿತು, ಚಿಕ್ಕಂದಿನಲ್ಲಿ ಅವಳನ್ನು ಭುಜದ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದಾಗಿನ ದನಿ.

"ನೋಡು ಪುಟ್ಟೀ, ಆಲ್ಟರ್ನೇಟರ್ ನಾನೇ ಹಾಕಿಕೊಡ್ತೀನಿ, ನಮ್ಮ ಕಡೆಯಿಂದ್ಲೇ. ಅವಳಿಗೇನೂ ನಷ್ಟ ಇಲ್ಲ. ವೈರ್ ತಪ್ಪಾಗಿತ್ತು, ಸರಿ ಮಾಡಿದ್ವಿ ಅಂತ ಹೇಳಿ ಮುಗಿಸೋಣ. ನಾಳೆ ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕಲ್ಲ?"

"ನಾನು?"

ಅವನು ಸೊಂಟಕ್ಕೆ ಕೈಹಾಕಿ ಕಪಾಟಿನ ಬೀಗದಕೈಯನ್ನು ಎಳೆದು ತೆಗೆದ. ಅಂಗೈ ಮೇಲಿಟ್ಟು ಅವಳತ್ತ ಚಾಚಿದ.

"ತಗೋ. ಮೀಟರ್ ನಿಂದು, ಕಪಾಟು ನಿಂದು. ಇವತ್ತಿಂದ ಎಲೆಕ್ಟ್ರಿಕ್ ಕೆಲ್ಸ ಪೂರಾ ನಿನ್ನ ಕೈಗೆ, ನಾನು ತಲೆ ಹಾಕಲ್ಲ. ಆ ಚೀಟಿ ಒಂದನ್ನ ಕಿತ್ತುಬಿಡು, ಸಾಕು."

ಎರಡು ವರ್ಷದಿಂದ ಅವಳು ಆಸೆಪಟ್ಟ ಬೀಗದಕೈ. ತುದಿಗೆ ಕಟ್ಟಿದ ಕೆಂಪು ವೈರಿನ ತುಂಡೂ ಅವಳಿಗೆ ಗೊತ್ತು. ನರ್ಸಮ್ಮ ಗೇಟು ದಾಟಿ ಒಳಗೆ ಬಂದು, ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಂಡಳು.

"ಏನಾಯ್ತು ಮೇಸ್ತ್ರಿ, ವೈರ್ ಸಿಕ್ತಾ?"

ಚಿಕ್ಕಪ್ಪನ ಅಂಗೈ ಚಾಚಿಕೊಂಡೇ ಇತ್ತು.

"ಬೇಡ," ಎಂದಳು ಅವಳು. ಬಾನೆಟ್ಟನ್ನು ಇನ್ನಷ್ಟು ಮೇಲಕ್ಕೆತ್ತಿ, ಚೀಟಿ ನರ್ಸಮ್ಮನಿಗೆ ಕಾಣುವ ಹಾಗೆ ನಿಲ್ಲಿಸಿದಳು. "ನನಗೆ ಬೇಡ, ಚಿಕ್ಕಪ್ಪ."